ಅಡಿಕೆ ಸುಲಿಯುವ ಯಂತ್ರಕ್ಕೆ ವಿದ್ಯುತ್ ಜೋಡಣೆ: ಮುರಕಲ್ಲು ನೆಲದ ರೈತರು ಗಮನಿಸಬೇಕಾದ ಅಂಶಗಳು

ಘಟ್ಟದ ಬುಡದ ಅಮಾಸೆಬೈಲು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಇಂದು ಯಂತ್ರವಿಲ್ಲದ ಅಡಿಕೆ ತೋಟದ ಮನೆ ಅಪರೂಪ. ಸುಲಿಯುವ ಆಳು ಸಿಗುವುದಿಲ್ಲ. ಸಿಕ್ಕರೂ ಬೇಕಾದ ದಿನ ಸಿಗುವುದಿಲ್ಲ. ಹಾಗಾಗಿ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಅಡಿಕೆ ಸುಲಿಯುವ ಯಂತ್ರ, ಅದರ ಪಕ್ಕದಲ್ಲಿ ಮೇವು ಕತ್ತರಿಸುವ ಯಂತ್ರ, ಕೆಲವೆಡೆ ಹಿಟ್ಟಿನ ಗಿರಣಿ ಅಥವಾ ಕತ್ತಿ ಮಸೆಯುವ ಗ್ರೈಂಡರ್ ಬಂದು ಕುಳಿತಿವೆ. ಯಂತ್ರ ಕೊಳ್ಳುವಾಗ ರೈತರು ಗಂಟೆಗೆ ಎಷ್ಟು ಕಿಲೋ ಸುಲಿಯುತ್ತದೆ, ಎಷ್ಟು ಅಡಿಕೆ ಒಡೆಯುತ್ತದೆ, ಸಹಾಯಧನ ಎಷ್ಟು ಎಂದು ಸರಿಯಾಗಿಯೇ ವಿಚಾರಿಸುತ್ತಾರೆ. ಅದಕ್ಕೆ ವಿದ್ಯುತ್ ಹೇಗೆ ಕೊಡಬೇಕೆಂದು ವಿಚಾರಿಸುವವರು ಕಡಿಮೆ. ಹತ್ತಿರದ ಪ್ಲಗ್ಗಿನಿಂದ ಒಂದು ವಯರು ಎಳೆದರೆ ಆಯಿತು ಎಂಬುದೇ ಸಾಮಾನ್ಯ ಭಾವನೆ.

ಈ ಲೇಖಕನು ಬೇಸಾಯಶಾಸ್ತ್ರದವನು, ವಿದ್ಯುತ್ ಎಂಜಿನಿಯರ್ ಅಲ್ಲ. ಆದರೂ ಈ ವಿಷಯ ಬರೆಯಲು ಕಾರಣವಿದೆ. ಒಂದು ಮಾರ್ಚ್ ತಿಂಗಳಿನಲ್ಲಿ ತೋಟದ ಮಣ್ಣು ನೋಡಲೆಂದು ಅಮಾಸೆಬೈಲಿನ ಕಡೆಯ ಒಬ್ಬ ರೈತರ ಮನೆಗೆ ಹೋಗಿದ್ದಾಗ, ಓಡುತ್ತಿದ್ದ ಅಡಿಕೆ ಯಂತ್ರದ ಚೌಕಟ್ಟಿಗೆ ಕೈ ತಾಗಿತು. ಕೈ ಜುಂ ಎಂದಿತು. ನಾನು ಹಿಂದೆ ಸರಿದುದನ್ನು ಕಂಡು ಯಜಮಾನರು ನಕ್ಕು, "ಮುಟ್ರೆ ಚೂರು ಜುಂ ಅಂತ್ ಅಷ್ಟೇ ಮಾರಾಯ್ರೆ, ಚಪ್ಲಿ ಹಾಯ್ಕಂಡ್ರೆ ಎಂತದೂ ಆತಿಲ್ಲೆ" ಎಂದರು. ಅವರ ಕಾಲಿನಲ್ಲಿ ರಬ್ಬರ್ ಚಪ್ಪಲಿ ಇತ್ತು. ಯಂತ್ರದ ಬಾಯಿಗೆ ಬುಟ್ಟಿಯಿಂದ ಅಡಿಕೆ ಸುರಿಯುತ್ತಿದ್ದ ಇಬ್ಬರು ಹೆಂಗಸರು ಬರಿಗಾಲಿನಲ್ಲಿ ನಿಂತಿದ್ದರು.

ಜುಂ ಎನ್ನುವುದೆಂದರೇನು?

ಯಂತ್ರದ ಒಳಗೆ ಇರಬೇಕಾದ ವಿದ್ಯುತ್ತು ಎಲ್ಲೋ ಒಂದು ಕಡೆ ಅದರ ಮೈಗೆ ಸೋರುತ್ತಿದೆ ಎಂದೇ ಅರ್ಥ. ಮೋಟಾರಿನ ಸುರುಳಿಯ ಲೇಪನ ಹಳತಾಗಿರಬಹುದು, ಇಲಿ ವಯರನ್ನು ಕಡಿದಿರಬಹುದು, ಅಡಿಕೆ ಸಿಪ್ಪೆಯ ಧೂಳು ತೇವ ಹಿಡಿದು ಮೋಟಾರಿನ ಜೋಡಣೆ ಪೆಟ್ಟಿಗೆಯಲ್ಲಿ ಕುಳಿತಿರಬಹುದು. ಇಂದು ಜುಂ ಎನ್ನುವಷ್ಟು ಸೋರುವುದು ನಾಳೆ ಪೂರ್ತಿ 230 ವೋಲ್ಟನ್ನೇ ಯಂತ್ರದ ಮೈಗೆ ತಂದಿಡಬಹುದು.

ಮನುಷ್ಯನಿಗೆ ಅಪಾಯ ಮಾಡುವುದು ದೇಹದ ಮೂಲಕ ಹರಿಯುವ ವಿದ್ಯುತ್ತಿನ ಪ್ರಮಾಣ. ಸುಮಾರು 1 ಮಿಲಿ ಆಂಪಿಯರ್ ಹರಿದರೆ ಜುಂ ಎಂದು ತಿಳಿಯುತ್ತದೆ. 10 ಮಿಲಿ ಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದು, ಹಿಡಿದುದನ್ನು ಬಿಡಲು ಆಗುವುದಿಲ್ಲ. 30ರ ಮೇಲೆ ಉಸಿರಾಟಕ್ಕೆ ತೊಂದರೆ, 50ರಿಂದ 100 ಮಿಲಿ ಆಂಪಿಯರಿನಲ್ಲಿ ಹೃದಯದ ಬಡಿತವೇ ತಪ್ಪಿ ಪ್ರಾಣ ಹೋಗಬಹುದು. ಒದ್ದೆ ಕೈ, ಬರಿಗಾಲು, ಒದ್ದೆ ನೆಲ ಸೇರಿದಾಗ ದೇಹದ ತಡೆಯನ್ನು ಸುಮಾರು 1000 ಓಮ್ ಎಂದು ಹಿಡಿಯುತ್ತಾರೆ. 230 ವೋಲ್ಟನ್ನು 1000ದಿಂದ ಭಾಗಿಸಿದರೆ 230 ಮಿಲಿ ಆಂಪಿಯರ್. ಚಪ್ಪಲಿ ಹಾಕಿದವರಿಗೆ ಜುಂ ಎನ್ನುವ ಯಂತ್ರವೇ ಬರಿಗಾಲಿನವರ ಪ್ರಾಣ ತೆಗೆಯಬಲ್ಲದು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಅರ್ಥಿಂಗ್ ಮತ್ತು ನಮ್ಮ ಮಣ್ಣು

ಸೋರಿದ ವಿದ್ಯುತ್ತು ಮನುಷ್ಯನ ಮೂಲಕ ಹೋಗದೆ ಸುಲಭವಾದ ಬೇರೆ ದಾರಿಯಲ್ಲಿ ಭೂಮಿಗೆ ಹೋಗಲಿ ಎಂದು ಯಂತ್ರದ ಲೋಹದ ಮೈಯನ್ನು ಭೂಮಿಗೆ ಜೋಡಿಸುತ್ತೇವೆ. ಇದೇ ಅರ್ಥಿಂಗ್ ಅಥವಾ ಭೂಸಂಪರ್ಕ. ಮೇಲೆ ಹೇಳಿದ ಮನೆಯಲ್ಲಿಯೂ ಅರ್ಥಿಂಗ್ ಇತ್ತು. ಯಂತ್ರದಿಂದ ಹೊರಟ ತಂತಿಯನ್ನು ಹಿಡಿದು ಹೋದರೆ ಅದು ಮನೆಯ ಹಿಂದೆ, ಮುರಕಲ್ಲಿನ ನೆಲದಲ್ಲಿ ಒಂದೂವರೆ ಅಡಿ ಹೊಡೆದ ಕಬ್ಬಿಣದ ಗೂಟಕ್ಕೆ ಸುತ್ತಿಕೊಂಡಿತ್ತು. ಕೆಳಗೆ ಬಂಡೆ ಸಿಕ್ಕಿದ್ದರಿಂದ ಗೂಟ ಅಷ್ಟಕ್ಕೇ ನಿಂತಿತ್ತು. ಇಂಥ ಅರ್ಥಿಂಗ್ ಹೆಸರಿಗೆ ಮಾತ್ರ.

ಇಲ್ಲಿ ಮಣ್ಣಿನ ವಿಚಾರ ಬರುತ್ತದೆ. ಮಣ್ಣು ವಿದ್ಯುತ್ತನ್ನು ಹರಿಯಗೊಡುವುದು ಅದರಲ್ಲಿರುವ ತೇವ ಮತ್ತು ಆ ತೇವದಲ್ಲಿ ಕರಗಿದ ಲವಣಗಳಿಂದ. ಕರಾವಳಿಯ ಮುರಕಲ್ಲು ಮಣ್ಣಿನಲ್ಲಿ ಶತಮಾನಗಳ ಮಳೆಗೆ ಲವಣಗಳೆಲ್ಲ ತೊಳೆದುಹೋಗಿವೆ. ಸುಣ್ಣದ ಅಂಶ, ಪೊಟ್ಯಾಷ್ ಕೊರತೆಯಿಂದ ಅಡಿಕೆಗೆ ಆಗುವ ತೊಂದರೆ ಎಲ್ಲ ರೈತರಿಗೂ ಗೊತ್ತು. ಅದೇ ಕೊರತೆ ಅರ್ಥಿಂಗಿಗೂ ತೊಂದರೆ. ಜೊತೆಗೆ ಮುರಕಲ್ಲು ತೂತು ತೂತಾಗಿದ್ದು ನೀರನ್ನು ಬೇಗ ಬಸಿದುಬಿಡುತ್ತದೆ. ಮಳೆಗಾಲದಲ್ಲಿ ಜಿನುಗುವ ಗುಡ್ಡೆ ಫೆಬ್ರುವರಿಗೆ ಒಣಗಿ ಬೆಳ್ಳಗಾಗುತ್ತದೆ. ಚಾಲಿ ಅಡಿಕೆ ಒಣಗಿ ಸುಲಿಯಲು ಸಿದ್ಧವಾಗುವುದೂ ಆ ಬೇಸಿಗೆಯಲ್ಲಿಯೇ. ಯಂತ್ರ ಹೆಚ್ಚು ಓಡುವ ಕಾಲದಲ್ಲಿ ನೆಲ ಅತ್ಯಂತ ಒಣಗಿರುತ್ತದೆ ಎಂಬುದನ್ನು ರೈತರು ಗಮನದಲ್ಲಿಡಬೇಕು.

ಅಂಕಿಗಳಲ್ಲಿ ನೋಡೋಣ. 38 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಒಂದು ಕಲಾಯಿ ಪೈಪನ್ನು ಒದ್ದೆ ಜೇಡಿಯಲ್ಲಿ ಹೂತರೆ, ಮಣ್ಣಿನ ತಡೆಗುಣ 50 ಓಮ್-ಮೀಟರ್ ಎಂದಿಟ್ಟುಕೊಂಡರೆ, ಭೂಸಂಪರ್ಕದ ತಡೆ ಸುಮಾರು 17 ಓಮ್ ಬರುತ್ತದೆ. ಅದೇ ಪೈಪನ್ನು 1000 ಓಮ್-ಮೀಟರ್ ತಡೆಗುಣದ ಒಣ ಮುರಕಲ್ಲಿನಲ್ಲಿ ಹೂತರೆ 300 ಓಮ್ ದಾಟುತ್ತದೆ. ಪೈಪು ಒಂದೇ, ಖರ್ಚು ಒಂದೇ, ಮಣ್ಣು ಬೇರೆ.

ನಮ್ಮ ಹಿರಿಯರು ಭೂಮಿಯನ್ನು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿದ್ದು ಬೇಸಾಯಕ್ಕಾಗಿ. ಅರ್ಥಿಂಗಿಗೂ ಈ ವಿಂಗಡಣೆ ಬಹಳ ಉಪಯುಕ್ತ. ಮನೆ ಸಾಮಾನ್ಯವಾಗಿ ಬೆಟ್ಟಿನ ಅಂಚಿನಲ್ಲಿ, ಗಟ್ಟಿ ನೆಲದ ಮೇಲೆ ಇರುತ್ತದೆ. ತೋಟ ಮತ್ತು ಗದ್ದೆ ಅದರ ಕೆಳಗೆ ಬೈಲಿನಲ್ಲಿರುತ್ತವೆ. ಅಲ್ಲಿ ಜೇಡಿ ಹೆಚ್ಚು, ಬೇಸಿಗೆಯಲ್ಲೂ ನಾಲ್ಕಾರು ಅಡಿ ಕೆಳಗೆ ತೇವ ಇರುತ್ತದೆ. ಮನೆಯ ಹಿಂದಿನ ಮುರಕಲ್ಲಿನಲ್ಲಿ ಗುಂಡಿ ತೋಡಿ ಬಳಲುವುದಕ್ಕಿಂತ, 20-25 ಮೀಟರ್ ದೂರವಾದರೂ ಕೆಳಗಿನ ಬೈಲಿನ ಅಂಚಿನಲ್ಲಿ ಗುಂಡಿ ಮಾಡಿ ಅಲ್ಲಿಂದ ದಪ್ಪ ತಂತಿಯನ್ನು ಮೇಲಕ್ಕೆ ತರುವುದು ಎಷ್ಟೋ ಮೇಲು. ಬಚ್ಚಲ ನೀರು ಹೋಗುವ ಬಾಳೆಯ ಬುಡದ ಹತ್ತಿರವೂ ಒಳ್ಳೆಯ ಜಾಗವೇ. ಆದರೆ ನೀರು ರಭಸದಿಂದ ಹರಿದು ಉಪ್ಪನ್ನು ತೊಳೆದುಕೊಂಡು ಹೋಗುವ ತೋಡಿನಲ್ಲಿ ಮಾತ್ರ ಬೇಡ. ಕಟ್ಟಡದಿಂದ ಗುಂಡಿ ಕನಿಷ್ಠ ಒಂದೂವರೆ ಮೀಟರ್ ದೂರವಿರಲಿ.

ಪೈಪನ್ನು ನಿಲ್ಲಿಸಿ ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿಸುತ್ತಾರೆ. ಪೈಪಿನ ಬಾಯಿ ನೆಲಮಟ್ಟಕ್ಕೆ ಬರುವಂತೆ ಇಟ್ಟು, ಸಣ್ಣ ಕಟ್ಟೆ ಕಟ್ಟಿ ಮುಚ್ಚಳ ಮಾಡಿದರೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಲು ಅನುಕೂಲ. ಒಂದು ಗುಂಡಿ ಸಾಲದಿದ್ದರೆ ಐದು ಮೀಟರ್ ದೂರದಲ್ಲಿ ಇನ್ನೊಂದು ಮಾಡಿ ಎರಡನ್ನೂ ಜೋಡಿಸಿದರೆ ತಡೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಉಪ್ಪು ಹಾಕುವ ಗುಂಡಿಯನ್ನು ಅಡಿಕೆ ಮರದ ಬುಡದಲ್ಲೇ ತೋಡಬಾರದೆಂದು ಬೇರೆ ಹೇಳಬೇಕಾಗಿಲ್ಲ. ಉಪ್ಪು ಮತ್ತು ನಮ್ಮ ಹುಳಿ ಮಣ್ಣು ಸೇರಿ ಕಬ್ಬಿಣವನ್ನು ತಿನ್ನುವುದರಿಂದ ಕೆಲವು ವರ್ಷಗಳಿಗೊಮ್ಮೆ ಜೋಡಣೆಯ ಜಾಗವನ್ನು ಬಿಡಿಸಿ ನೋಡಬೇಕು. ತಂತಿ ನೆಲದಲ್ಲಿ ಬರುವ ಕಡೆ ಪೈಪಿನೊಳಗೆ ಹಾಯಿಸದಿದ್ದರೆ, ಒಂದು ದಿನ ಯಾರದ್ದಾದರೂ ಪಿಕಾಸಿಗೆ ಸಿಕ್ಕಿ ತುಂಡಾಗುತ್ತದೆ. ತುಂಡಾದುದು ಯಾರಿಗೂ ತಿಳಿಯುವುದಿಲ್ಲ.

ಮೂರು ಫೇಸಿನ ಸ್ಥಿರ ಮೋಟಾರುಗಳ ಮೈಗೆ ಪರಸ್ಪರ ಬೇರೆಬೇರೆಯಾದ ಎರಡು ಭೂಸಂಪರ್ಕಗಳಿರಬೇಕೆಂಬುದು 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಬಂದ ಕಟ್ಟಳೆ. ಒಂದು ಕಡಿದರೂ ಇನ್ನೊಂದು ಉಳಿಯಲಿ ಎಂಬುದೇ ಉದ್ದೇಶ. ಸಿಂಗಲ್ ಫೇಸ್ ಯಂತ್ರಕ್ಕೂ ಹಾಗೆಯೇ ಮಾಡಿದರೆ ನಷ್ಟವೇನಿಲ್ಲ.

ಬಲ್ಬ್ ಉರಿದರೆ ಸಾಲದು

ಅರ್ಥಿಂಗ್ ಸರಿಯಿದೆಯೇ ಎಂದು ನೋಡಲು ಹಳ್ಳಿಯಲ್ಲಿ ಮಾಡುವ ಪರೀಕ್ಷೆ ಒಂದಿದೆ. ಫೇಸಿಗೂ ಅರ್ಥ್ ತಂತಿಗೂ ನಡುವೆ 100 ವಾಟಿನ ಬಲ್ಬ್ ಹಿಡಿಯುವುದು. ಚೆನ್ನಾಗಿ ಉರಿದರೆ ಅರ್ಥಿಂಗ್ ಒಳ್ಳೆಯದೆಂದು ತೀರ್ಮಾನಿಸುವುದು. ಇದು ಅಪಾಯದ ಪರೀಕ್ಷೆ ಮಾತ್ರವಲ್ಲ, ಮೋಸದ ಪರೀಕ್ಷೆಯೂ ಹೌದು. 100 ವಾಟಿನ ಬಲ್ಬಿಗೆ ಬೇಕಾದುದು ಅರ್ಧ ಆಂಪಿಯರಿಗಿಂತ ಕಡಿಮೆ. ಭೂಸಂಪರ್ಕದ ತಡೆ 40 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟಿಗೂ ಹೆಚ್ಚು ಸಿಗುತ್ತದೆ, ಅದು ಬೆಳ್ಳಗೆ ಉರಿಯುತ್ತದೆ. ಯಂತ್ರದ ಸುರಕ್ಷತೆಗೆ 40 ಓಮ್ ಏನೇನೂ ಸಾಲದು. ಅಳೆಯಬೇಕಾದುದು ಅರ್ಥ್ ಟೆಸ್ಟರ್ ಎಂಬ ಉಪಕರಣದಿಂದ, ಅದೂ ಮಾರ್ಚ್-ಏಪ್ರಿಲ್ ತಿಂಗಳಿನಲ್ಲಿ. ಜುಲೈಯಲ್ಲಿ ಅಳೆದರೆ ನಮ್ಮ ಕಡೆ ಎಲ್ಲ ಅರ್ಥಿಂಗೂ ಒಳ್ಳೆಯದೇ.

ಈಗ ಮುಖ್ಯವಾದ ಮಾತು. ಒಳ್ಳೆಯ ಗುಂಡಿ ಮಾಡಿ 20 ಓಮಿಗೆ ತಂದೆವು ಎಂದಿಟ್ಟುಕೊಳ್ಳೋಣ. ಯಂತ್ರದ ಮೈಗೆ ಫೇಸ್ ತಂತಿ ತಾಗಿದರೆ ಭೂಮಿಗೆ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ 11.5 ಆಂಪಿಯರ್. ಮೂರು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಪೂರ್ಣ ಹೊರೆಯಲ್ಲಿ ಓಡುವಾಗಲೇ ಸುಮಾರು 16 ಆಂಪಿಯರ್ ಎಳೆಯುತ್ತದೆ. ಆದುದರಿಂದ ಅದಕ್ಕೆ ಹಾಕಿದ 20 ಅಥವಾ 25 ಆಂಪಿಯರಿನ ಎಂ.ಸಿ.ಬಿ. ಈ ಸೋರಿಕೆಯನ್ನು ಗಮನಿಸುವುದೇ ಇಲ್ಲ. ಫ್ಯೂಸೂ ಹೋಗುವುದಿಲ್ಲ. ಯಂತ್ರದ ಮೈ 230 ವೋಲ್ಟಿಗೆ ಹತ್ತಿರವಾಗಿ ಹಾಗೆಯೇ ಇರುತ್ತದೆ, ಮೀಟರು ತಿರುಗುತ್ತಿರುತ್ತದೆ. ಅರ್ಥಿಂಗ್ ಇದ್ದ ಮನೆಯಲ್ಲೂ ಜನ ಸಾಯುವುದು ಹೀಗೆ. ಮುರಕಲ್ಲು ನೆಲದಲ್ಲಿ ಅರ್ಥಿಂಗ್ ಬೇಕೇ ಬೇಕು, ಆದರೆ ಅದೊಂದೇ ಕಾಪಾಡುವುದಿಲ್ಲ.

ಕಾಪಾಡುವುದು ಅದರ ಜೊತೆಗೆ ಹಾಕುವ ಸೋರಿಕೆ ತಡೆ ಸ್ವಿಚ್ಚು. ಅಂಗಡಿಯಲ್ಲಿ ಆರ್.ಸಿ.ಸಿ.ಬಿ. ಎಂದು ಕೇಳಬೇಕು; ಹಳಬರು ಇ.ಎಲ್.ಸಿ.ಬಿ. ಎನ್ನುತ್ತಾರೆ. ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲಿನಲ್ಲಿ ಪೂರ್ತಿ ಹಿಂದಿರುಗಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಆದೊಡನೆ ಸೆಕೆಂಡಿನ ಒಂದು ಚೂರಿನಲ್ಲಿ ಸರಬರಾಜನ್ನು ಕಡಿದುಬಿಡುತ್ತದೆ. ಭೂಸಂಪರ್ಕ 300 ಓಮಿನಷ್ಟು ಕೆಟ್ಟದಾಗಿದ್ದರೂ, 30 ಮಿಲಿ ಆಂಪಿಯರಿಗೆ ಯಂತ್ರದ ಮೈಯ ಮೇಲೆ ಏರುವುದು ಕೇವಲ 9 ವೋಲ್ಟ್. ಸಿಂಗಲ್ ಫೇಸಿಗೆ ಎರಡು ಪೋಲಿನದು, ಮೂರು ಫೇಸಿಗೆ ನಾಲ್ಕು ಪೋಲಿನದು ಬೇಕು. ಇದು ಹೆಚ್ಚು ಹೊರೆಯನ್ನಾಗಲಿ ಶಾರ್ಟ್ ಸರ್ಕಿಟನ್ನಾಗಲಿ ತಡೆಯುವುದಿಲ್ಲವಾದ್ದರಿಂದ ಎಂ.ಸಿ.ಬಿ. ಬೇರೆ ಇರಲೇಬೇಕು. ಒಬ್ಬರು ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೂ ಇದಕ್ಕೆ ತಿಳಿಯುವುದಿಲ್ಲ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಬದಲಾಯಿಸಬೇಕು.

ಆ ರೈತರು ಕೆಳಗಿನ ಗದ್ದೆಯ ಅಂಚಿನಲ್ಲಿ ಗುಂಡಿ ತೆಗೆಸಿ, ಸೋರಿಕೆ ತಡೆ ಸ್ವಿಚ್ಚನ್ನೂ ಹಾಕಿಸಿದರು. ಜೂನಿನ ಮೊದಲ ಮಳೆಗೆ ಫೋನು ಬಂತು. ಸ್ವಿಚ್ಚು ನಿಲ್ಲುವುದಿಲ್ಲ, ಹಾಕಿದೊಡನೆ ಬೀಳುತ್ತದೆ, ತೆಗೆದು ನೇರ ಕೊಡಲೇ ಎಂದು ಕೇಳಿದರು. ಬೇಡವೆಂದು ಎಲೆಕ್ಟ್ರಿಷಿಯನ್ನನ್ನು ಕರೆಸಿ ಮೋಟಾರಿನ ಜೋಡಣೆ ಪೆಟ್ಟಿಗೆ ತೆರೆಸಿದಾಗ, ಮಾಡಿನಿಂದ ತೊಟ್ಟಿಕ್ಕಿದ ನೀರು ಅದರೊಳಗೆ ನಿಂತಿತ್ತು. ನೀರು ಒರೆಸಿ, ಒಣಗಿಸಿ, ಹೊಸ ರಬ್ಬರ್ ಹಾಕಿ ಮುಚ್ಚಿದ ಮೇಲೆ ಸ್ವಿಚ್ಚು ನಿಂತಿತು. ಮಳೆಗಾಲದಲ್ಲಿ ಇದು ಬೀಳುತ್ತದೆಂದು ನೇರ ಜೋಡಿಸಿಕೊಂಡವರು ನಮ್ಮಲ್ಲಿ ಬಹಳ ಜನ.

ತಂತಿ ಮತ್ತು ಸ್ಟಾರ್ಟರ್

ಹೊಸಂಗಡಿಯಲ್ಲಿ ವಾರಾಹಿಯ ಭೂಗರ್ಭ ವಿದ್ಯುದಾಗಾರವಿದೆ. 1989ರಲ್ಲಿ ಮೊದಲ ಘಟಕ ಆರಂಭವಾಗಿ, 2009ರಲ್ಲಿ ಇನ್ನೆರಡು ಸೇರಿ, ಈಗ 115 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿವೆ. ಅಷ್ಟು ಹತ್ತಿರದಲ್ಲಿ ವಿದ್ಯುತ್ತು ಹುಟ್ಟುತ್ತಿದ್ದರೂ ಕಾಡಿನ ನಡುವಿನ ಒಂಟಿ ಮನೆಗೆ ವೋಲ್ಟೇಜು ಬರುವುದು ತಮ್ಮ ಟ್ರಾನ್ಸ್‌ಫಾರ್ಮರಿನಿಂದ ಉದ್ದದ ತಂತಿಯಲ್ಲಿ ಸವೆದುಕೊಂಡು. ಅದರ ಮೇಲೆ ಮನೆಯಿಂದ ಕೊಟ್ಟಿಗೆಗೆ ನಾವೇ ತೆಳು ತಂತಿ ಎಳೆದರೆ ಉಳಿದದ್ದೂ ಹೋಗುತ್ತದೆ.

ಮೂರು ಅಶ್ವಶಕ್ತಿಯ ಸಿಂಗಲ್ ಫೇಸ್ ಯಂತ್ರ ಮೀಟರಿನಿಂದ 60 ಮೀಟರ್ ದೂರದಲ್ಲಿದೆ ಎನ್ನೋಣ. 1.5 ಚದರ ಮಿ.ಮೀ. ತಾಮ್ರದ ತಂತಿ ಹಾಕಿದರೆ ಓಡುವಾಗ 23 ವೋಲ್ಟ್ ತಂತಿಯಲ್ಲೇ ನಷ್ಟ. ಹೊರಡುವಾಗ ಮೋಟಾರು ಐದಾರು ಪಟ್ಟು ಹೆಚ್ಚು ಎಳೆಯುವುದರಿಂದ ಆ ಕ್ಷಣದಲ್ಲಿ ಬಹಳಷ್ಟು ವೋಲ್ಟೇಜು ತಂತಿಯಲ್ಲೇ ಕಳೆದು, ಮೋಟಾರು ಗುಂಯ್ ಎಂದು ನಿಂತು ಬಿಸಿಯಾಗುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಓಡುವಾಗಿನ ನಷ್ಟ 9 ವೋಲ್ಟ್, 6ರಲ್ಲಿ 6 ವೋಲ್ಟ್. ಈ ದೂರಕ್ಕೆ 6 ಚದರ ಮಿ.ಮೀ. ಹಾಕುವುದು ಒಳ್ಳೆಯದು. ಮೂರು ಫೇಸ್ ಸರಬರಾಜು ಸಿಗುವಲ್ಲಿ ಅದೇ ಶಕ್ತಿಯ ಮೋಟಾರು 415 ವೋಲ್ಟಿನಲ್ಲಿ ಪ್ರತಿ ಫೇಸಿಗೆ ಸುಮಾರು 5 ಆಂಪಿಯರ್ ಮಾತ್ರ ಎಳೆಯುತ್ತದೆ. ಸಾಧ್ಯವಿದ್ದವರು ಅದನ್ನೇ ಆರಿಸಿಕೊಳ್ಳಬೇಕು. ಸ್ಥಿರ ಯಂತ್ರವನ್ನು ಪ್ಲಗ್ಗಿಗೆ ಸಿಕ್ಕಿಸಿ ಓಡಿಸುವುದು ಸರಿಯಲ್ಲ. ಅದಕ್ಕೆ ತನ್ನದೇ ಲೈನು, ಯಂತ್ರದ ಬಳಿ ಕೈಗೆ ಎಟಕುವ ಮುಖ್ಯ ಸ್ವಿಚ್ಚು, ಇಲಿ ಕಡಿಯದಂತೆ ಪೈಪಿನೊಳಗೆ ತಂತಿ ಇರಬೇಕು.

ಸ್ಟಾರ್ಟರ್ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ಮೇವು ಕತ್ತರಿಸುವ ಯಂತ್ರಕ್ಕೆ ಸಾದಾ ಸ್ವಿಚ್ಚು ಹಾಕಿದವರಿದ್ದಾರೆ. ಕೆಲಸದ ನಡುವೆ ಕರೆಂಟು ಹೋಗುತ್ತದೆ. ಸಿಕ್ಕಿಕೊಂಡ ಹುಲ್ಲನ್ನು ಬಿಡಿಸಲು ಕೈ ಹಾಕುತ್ತಾರೆ. ಸ್ವಿಚ್ಚು ಹಾಕಿದ ಹಾಗೆಯೇ ಇದೆ. ಕರೆಂಟು ಬರುತ್ತದೆ. ಬೆರಳು ಹೋಗಲು ಅಷ್ಟು ಸಾಕು. ಒಳಗೆ ಕಾಯಿಲ್ ಇರುವ ಡಿ.ಒ.ಎಲ್. ಸ್ಟಾರ್ಟರಾದರೆ ಕರೆಂಟು ಹೋದೊಡನೆ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಗುಂಡಿ ಒತ್ತುವ ತನಕ ಯಂತ್ರ ತಿರುಗುವುದಿಲ್ಲ. ಪಂಪಿಗೆ ಹಾಕುವಂತೆ ತಾನೇ ಚಾಲೂ ಆಗುವ ಆಟೋ ಸ್ಟಾರ್ಟರನ್ನು ಸುಲಿಯುವ, ಕತ್ತರಿಸುವ ಯಂತ್ರಗಳಿಗೆ ಎಂದೂ ಹಾಕಬಾರದು. ಸ್ಟಾರ್ಟರಿನಲ್ಲಿರುವ ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದಲ್ಲಿ ಬರೆದ ಆಂಪಿಯರಿಗೆ ಹೊಂದಿಸಬೇಕು. ಮೂರು ಫೇಸಿನಲ್ಲಿ ಒಂದು ಫೇಸ್ ಹೋದಾಗ ಮೋಟಾರು ಸುಡದಂತೆ ತಡೆಯುವ ಸಾಧನವೂ ಜೊತೆಗಿರಲಿ. ಮೂರು ಫೇಸ್ ಮೋಟಾರನ್ನು ಮೊದಲ ಬಾರಿ ತಿರುಗಿಸುವಾಗ ಬೆಲ್ಟ್ ತೆಗೆದು ದಿಕ್ಕು ನೋಡಿ, ತಿರುವು ಮುರುವಾಗಿದ್ದರೆ ಮುಖ್ಯ ಸ್ವಿಚ್ಚು ತೆಗೆದು ಎರಡು ಫೇಸುಗಳನ್ನು ಅದಲು ಬದಲು ಮಾಡಿಸಬೇಕು.

ಮಾಡಬಾರದ ಕೆಲವು ಕೆಲಸಗಳು

ನ್ಯೂಟ್ರಲ್ ಇಲ್ಲದಿದ್ದಾಗ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡಿ ಮೋಟಾರು ಓಡಿಸುವ ಅಭ್ಯಾಸ ಇನ್ನೂ ಇದೆ. ಆಗ ಆ ಅರ್ಥಿಂಗಿಗೆ ಸೇರಿದ ಎಲ್ಲ ಯಂತ್ರಗಳ ಮೈಗೂ ವಿದ್ಯುತ್ತು ಏರುತ್ತದೆ. ಯಂತ್ರದ ಅರ್ಥ್ ತಂತಿಯನ್ನು ನ್ಯೂಟ್ರಲಿಗೆ ಕಟ್ಟುವುದೂ ಅಷ್ಟೇ ಅಪಾಯ. ಮೇಲೆ ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ಪರಿಣಾಮ ತಿಳಿಯುತ್ತದೆ.

ಗಾಳಿಮಳೆಗೆ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದಾಗ ಜನರೇಟರ್ ತರುತ್ತಾರೆ. ಎರಡೂ ತುದಿಗೆ ಪ್ಲಗ್ ಇರುವ ವಯರಿನಿಂದ ಅದನ್ನು ಮನೆಯ ಲೈನಿಗೆ ಕೊಟ್ಟರೆ, ವಿದ್ಯುತ್ತು ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರಿಗೆ ಹೋಗಿ, ಅಲ್ಲಿಂದ ಹೆಚ್ಚಿನ ವೋಲ್ಟೇಜಾಗಿ ಮುಂದೆ ಸಾಗುತ್ತದೆ. ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ನಮ್ಮ ಊರಿನವನೇ. ಚೇಂಜ್ ಓವರ್ ಸ್ವಿಚ್ಚು ಇಲ್ಲದೆ ಜನರೇಟರ್ ಜೋಡಿಸಬಾರದು.

ನೀರಾವರಿ ಪಂಪಿನ ಸ್ಥಾವರದಿಂದ ಮೆಸ್ಕಾಂನ ಲಿಖಿತ ಅನುಮತಿಯಿಲ್ಲದೆ ಬೇರೆ ಯಂತ್ರಕ್ಕೆ ಲೈನು ಎಳೆದರೆ ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಅನಧಿಕೃತ ಬಳಕೆಯಾಗಿ ದಂಡ ಬೀಳುತ್ತದೆ. ಹೊಸ ಯಂತ್ರಕ್ಕೆ ಎಷ್ಟು ಹೊರೆ ಮಂಜೂರಾಗಬೇಕು, ಯಾವ ದರ ಎಂಬುದನ್ನು ಯಂತ್ರ ಕೊಳ್ಳುವ ಮೊದಲೇ ಅವರ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಅಮಾಸೆಬೈಲು ಚಾರಿಟೇಬಲ್ ಟ್ರಸ್ಟ್ ಮುಂದಾಗಿ ಅಲ್ಲಿನ ಮನೆಗಳಿಗೆ ಸೌರದೀಪ ಹಾಕಿಸಿದುದು ಎಲ್ಲರಿಗೂ ಗೊತ್ತಿದೆ. ಆ ಬ್ಯಾಟರಿಯಿಂದ ಅಡಿಕೆ ಯಂತ್ರ ಓಡೀತೇ ಎಂದು ಕೆಲವರು ಕೇಳುತ್ತಾರೆ. ಓಡುವುದಿಲ್ಲ, ಅದು ದೀಪಕ್ಕೆಂದು ಮಾಡಿದ ವ್ಯವಸ್ಥೆ.

ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಗುಂಡಿಗೆ ಜಾಗ ಆರಿಸುವುದು, ಮಾಡು ಸೋರದಂತೆ ನೋಡುವುದು, ಯಂತ್ರದ ಮುಂದೆ ನಿಲ್ಲುವವರಿಗೆ ಒಣ ಹಲಗೆ ಹಾಕುವುದು ರೈತರೇ ಮಾಡಬಹುದಾದುದು. ವಿಸ್ತರಣಾ ಕಾರ್ಯಕರ್ತರು ಯಂತ್ರದ ಸಹಾಯಧನದ ಅರ್ಜಿಯೊಡನೆ ಮನೆಗೆ ಹೋದಾಗ ಅರ್ಥ್ ತಂತಿಯನ್ನು ಕೊನೆಯವರೆಗೆ ಹಿಂಬಾಲಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಯಾರಿಗಾದರೂ ಶಾಕ್ ಹೊಡೆದು ಯಂತ್ರಕ್ಕೆ ಅಂಟಿಕೊಂಡರೆ ಅವರನ್ನು ಮುಟ್ಟಬಾರದು. ಮೊದಲು ಮುಖ್ಯ ಸ್ವಿಚ್ಚು ತೆಗೆಯಬೇಕು. ಅದು ದೂರವಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ಅವರನ್ನು ಬಿಡಿಸಬೇಕು. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಾ ಇರಬೇಕು. ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಎದ್ದು ಕುಳಿತು ಏನೂ ಆಗಿಲ್ಲ ಎಂದವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಏಕೆಂದರೆ ಹೃದಯದ ತೊಂದರೆ ತಡವಾಗಿಯೂ ಕಾಣಿಸಿಕೊಳ್ಳಬಹುದು. ತಂತಿ ಕಡಿದು ನೆಲಕ್ಕೆ ಬಿದ್ದಿದ್ದರೆ ಅದರ ಹತ್ತಿರ ದನಕರು ಹೋಗದಂತೆ ದೂರದಿಂದಲೇ ಕಾವಲು ನಿಂತು, ಮೆಸ್ಕಾಂಗೆ 1912ರಲ್ಲಿ ತಿಳಿಸಬೇಕು.